ಕಿಂಡಲ್ ಒಳಗೆ ಸುಮ್ನೆ ಕೂತಿರುವ ಅನುಕೂಲಗಳು, ಕನ್ನಡ ಓದುವವರಿಗಾಗಿ

ಇ-ರೀಡರ್, ಅಂದರೆ ಅಮೆಜಾನ್‌ನ ಕಿಂಡಲ್ ಥರ ಇ-ಪುಸ್ತಕ ಓದೋಕೇ ಇರುವ ಸಾಧನ, ತಗೊಂಡವರಲ್ಲಿ ಜಾಸ್ತಿ ಜನ ಎರಡೇ ಕೆಲಸ ಮಾಡುತ್ತಾರೆ. ಪುಟ ತಿರುಗಿಸುತ್ತಾರೆ, ಚಾರ್ಜ್‌ಗೆ ಹಾಕುತ್ತಾರೆ. ಮೊದಲ ಒಂದು ವರ್ಷ ನಾನೂ ಅಷ್ಟೇ ಮಾಡಿದ್ದು. ಇಂಗ್ಲಿಷ್ ಪುಸ್ತಕ ಓದೋಕೆ ಇದು, ಕನ್ನಡಕ್ಕೆ ಆಗೋದಿಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಅದು ತಪ್ಪು. ಸ್ವಲ್ಪ ಕೈ ಹಾಕಿದರೆ ಕನ್ನಡಕ್ಕೂ ಚೆನ್ನಾಗಿ ಆಗುತ್ತೆ, ಆ ಕೈ ಹಾಕುವ ಕೆಲಸ ಏನು ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮನೆ ಕಲಬುರಗಿ, ಕೆಲಸ ಯಾದಗಿರಿಯಲ್ಲಿ. ದಿನಾ ರೈಲಿನಲ್ಲಿ ಅಪ್-ಡೌನ್. ಶಹಾಬಾದ್, ವಾಡಿ, ನಾಲವಾರ ದಾಟಿ ಯಾದಗಿರಿ ಬರೋ ಹೊತ್ತಿಗೆ ಮೂವತ್ತು ನಲವತ್ತು ಪುಟ ಆರಾಮಾಗಿ ಆಗುತ್ತೆ. ಏಪ್ರಿಲ್ ತಿಂಗಳಲ್ಲಿ ಕಿಟಕಿ ಪಕ್ಕ ಕೂತರೆ ಬಿಸಿಲಿಗೆ ಫೋನ್ ಪರದೆಯಲ್ಲಿ ಏನೂ ಕಾಣಲ್ಲ. ಇ-ಇಂಕ್ ಪರದೆ ಹಾಗಲ್ಲ, ಕಾಗದದ ಹಾಗೆ ಹೊರಗಿನ ಬೆಳಕಲ್ಲೇ ಕಾಣುತ್ತೆ, ಬಿಸಿಲು ಜಾಸ್ತಿ ಆದಷ್ಟೂ ಅಕ್ಷರ ಚೊಕ್ಕ ಆಗುತ್ತೆ. ನಮ್ಮ ಕಡೆಯ ಬಿಸಿಲಿಗೆ ಇದಕ್ಕಿಂತ ಒಳ್ಳೆ ಪರದೆ ಇಲ್ಲ ಅಂತಲೇ ನನ್ನ ಅಭಿಪ್ರಾಯ. ನನ್ನ ಹತ್ತಿರ ಇರೋದು ಕಿಂಡಲ್, ಹಾಗಾಗಿ ಜಾಸ್ತಿ ಅದರ ಬಗ್ಗೆಯೇ ಹೇಳುತ್ತೇನೆ. ಬೇರೆ ಸಾಧನದವರಿಗೆ ಕೊನೆಯ ಹತ್ತಿರ ಎರಡು ಮಾತು ಇದೆ.

ಮೊದಲು ಅಕ್ಷರದ ವಿಷಯ. ಅಮೆಜಾನ್ 2016ರ ಕೊನೆಯಲ್ಲಿ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳ ಪುಸ್ತಕ ತಂದಿತು. ಹಿಂದಿ, ಮರಾಠಿ, ಗುಜರಾತಿ, ತಮಿಳು, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನಮ್ಮಂಥವರು ಸ್ವಂತ ಫೈಲ್ ಹಾಕಿಕೊಂಡು ಓದುವುದು ಕಲಿತದ್ದು ಅದಕ್ಕೇ. ಸ್ವಂತ ಫೈಲ್ ಹಾಕಿದಾಗ ಕನ್ನಡ ಹೇಗೆ ಕಾಣುತ್ತೆ ಅನ್ನೋದು ನಿಮ್ಮ ಮಾಡೆಲ್, ಅದರಲ್ಲಿರುವ ಸಾಫ್ಟ್‌ವೇರ್, ಫೈಲಿನ ಬಗೆ ಮೂರರ ಮೇಲೂ ನಿಂತಿದೆ. ಆದ್ದರಿಂದ ಇಡೀ ಪುಸ್ತಕ ಹಾಕುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ.

ವರ್ಡ್ ಅಥವಾ ಲಿಬ್ರೆಆಫೀಸ್‌ನಲ್ಲಿ ಒಂದು ಖಾಲಿ ಪುಟ ತೆಗೆಯಿರಿ. ಅದರಲ್ಲಿ ಹೀಗೆ ಟೈಪ್ ಮಾಡಿ: ಸೂರ್ಯ, ಧರ್ಮ, ಸ್ವಾತಂತ್ರ್ಯ, ರಾಷ್ಟ್ರೀಯ, ಲಕ್ಷ್ಮಿ, ಜ್ಞಾನ, ಕೃಷ್ಣ, ವೈಶಿಷ್ಟ್ಯ, ಸ್ತ್ರೀ, ತೊಗರಿ, ಪೈರು. ಆ ಫೈಲನ್ನು ಕಿಂಡಲ್‌ಗೆ ಹಾಕಿ ತೆರೆಯಿರಿ, ಹಾಕುವ ದಾರಿ ಮುಂದೆ ಹೇಳಿದ್ದೇನೆ. ಈ ಹನ್ನೊಂದು ಪದ ಸರಿಯಾಗಿ ಕಂಡರೆ ಉಳಿದ ಕನ್ನಡವೂ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತೆ. ‘ಸೂರ್ಯ’ ಯಾಕೆ ಅಂದರೆ, ಕಂಪ್ಯೂಟರ್ ಒಳಗೆ ಅದು ‘ರ’ ಮೊದಲು, ‘ಯ’ ಆಮೇಲೆ ಅಂತ ಕೂತಿರುತ್ತೆ. ಪರದೆ ಮೇಲೆ ಬರುವಾಗ ‘ಯ’ ಮುಂದೆ ಬಂದು ‘ರ’ ಅರ್ಕಾವೊತ್ತಾಗಿ ಹಿಂದೆ ಹೋಗಬೇಕು. ಈ ಅದಲು ಬದಲು ಮಾಡೋ ಕೆಲಸ ಸಾಫ್ಟ್‌ವೇರ್‌ಗೆ ಬರದಿದ್ದರೆ ‘ಸೂರ್‌ಯ’ ಅಂತ ಕಾಣುತ್ತೆ. ‘ಲಕ್ಷ್ಮಿ’, ‘ಸ್ವಾತಂತ್ರ್ಯ’ ಎರಡರಲ್ಲೂ ಒತ್ತಿನ ಕೆಳಗೆ ಇನ್ನೊಂದು ಒತ್ತು ಇದೆ, ಅಲ್ಲಿ ಒಂದರ ಮೇಲೊಂದು ಬಿದ್ದು ಕಲಸಿಹೋಗುವ ಸಾಧ್ಯತೆ ಜಾಸ್ತಿ. ‘ತೊಗರಿ’ಯಲ್ಲಿ ಎತ್ವ, ಕೊಂಬು ಎರಡೂ ಒಂದೇ ಅಕ್ಷರಕ್ಕೆ ಅಂಟಬೇಕು.

ಅಕ್ಷರದ ಬದಲು ಚೌಕ ಚೌಕ ಬಂದರೆ ಫಾಂಟ್ ಇಲ್ಲ ಅಂತ ಅರ್ಥ. 2018ರಿಂದ ಕಿಂಡಲ್‌ನಲ್ಲಿ ನಮ್ಮದೇ ಫಾಂಟ್ ಹಾಕಿಕೊಳ್ಳಬಹುದು. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ಒಳಗೆ ಫಾಂಟ್ಸ್ ಅನ್ನೋ ಫೋಲ್ಡರ್ ಇರುತ್ತೆ, ಟಿಟಿಎಫ್ ಅಥವಾ ಓಟಿಎಫ್ ಅಂತ ಕೊನೆಯಾಗುವ ಫಾಂಟ್ ಫೈಲನ್ನು ಅದರೊಳಗೆ ಕಾಪಿ ಮಾಡಿ, ಕೇಬಲ್ ತೆಗೆಯಿರಿ. ಪುಸ್ತಕ ತೆರೆದು ಮೇಲ್ಗಡೆ ಮುಟ್ಟಿದರೆ ದೊಡ್ಡ ‘ಎ’ ಸಣ್ಣ ‘ಎ’ ಜೊತೆಗಿರುವ ಗುರುತು ಬರುತ್ತೆ, ಅದರಲ್ಲಿ ಫಾಂಟ್ ಪಟ್ಟಿಯಲ್ಲಿ ನೀವು ಹಾಕಿದ್ದೂ ಕಾಣುತ್ತೆ. ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ, ನವಿಲು, ಗುಬ್ಬಿ, ಇವೆಲ್ಲ ಪುಕ್ಕಟೆ ಸಿಗುವ ಯೂನಿಕೋಡ್ ಫಾಂಟ್‌ಗಳು, ಅಂದರೆ ಈಗಿನ ಸಾಧನಗಳಿಗೆಲ್ಲ ಅರ್ಥವಾಗುವ ಅಕ್ಷರ ಪದ್ಧತಿಯವು. ಉದ್ದದ ಓದಿಗೆ ನನಗೆ ಹಿಡಿಸಿದ್ದು ನೋಟೊ ಸೆರಿಫ್. ಗೂಗಲ್ ಫಾಂಟ್ಸ್‌ನಿಂದ ಇಳಿಸಿದಾಗ ಜಿಪ್ ಒಳಗೆ ಸ್ಟ್ಯಾಟಿಕ್ ಅಂತ ಇನ್ನೊಂದು ಫೋಲ್ಡರ್ ಇದ್ದರೆ ಅದರೊಳಗಿನ ರೆಗ್ಯುಲರ್, ಬೋಲ್ಡ್ ಎರಡನ್ನೇ ತಗೊಳ್ಳಿ. ಹೊರಗಡೆ ಇರುವ ವೇರಿಯಬಲ್ ಫೈಲ್ ಬೇಡ. ಇನ್ನೊಂದು ವಿಷಯ, 2024ರಲ್ಲಿ ಬಂದ ಹೊಸ ಕಿಂಡಲ್‌ಗಳು ಪೆನ್‌ಡ್ರೈವ್ ಥರ ಕಾಣಿಸಿಕೊಳ್ಳೋದಿಲ್ಲ, ಫೋನ್ ಜೋಡಿಸಿದ ಹಾಗೆ ಎಂಟಿಪಿ ಮೂಲಕ ಜೋಡಣೆ ಆಗುತ್ತವೆ. ವಿಂಡೋಸ್‌ನಲ್ಲಿ ತೊಂದರೆ ಇಲ್ಲ, ಮ್ಯಾಕ್ ಇದ್ದವರಿಗೆ ಮಾತ್ರ ಬೇರೆ ಒಂದು ಸಾಫ್ಟ್‌ವೇರ್ ಬೇಕಾಗುತ್ತೆ.

ಅಕ್ಷರ ಸರಿಯಾಗಿ ಬಂತು ಅಂದ್ರೆ ಅದೇ ಮೆನುವಿನಲ್ಲಿ ಇನ್ನೂ ಎರಡು ಕೆಲಸ ಮಾಡಿ. ಸಾಲುಗಳ ನಡುವಿನ ಜಾಗವನ್ನು ಅತಿ ಜಾಸ್ತಿಗೆ ಇಡಿ. ಇಂಗ್ಲಿಷ್‌ಗೆ ಸಾಕಾಗುವ ಜಾಗ ಕನ್ನಡಕ್ಕೆ ಸಾಲದು, ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಆಮೇಲೆ ಅಲೈನ್‌ಮೆಂಟ್ ಅನ್ನು ಎಡಕ್ಕೆ ಮಾಡಿ. ಕನ್ನಡದ ಪದಗಳು ಉದ್ದ, ‘ಹೋಗಬೇಕಾಗಿತ್ತಲ್ಲವೇ’ ಅನ್ನೋ ಒಂದೇ ಪದ ಸಣ್ಣ ಪರದೆಯಲ್ಲಿ ಅರ್ಧ ಸಾಲು ತಿನ್ನುತ್ತೆ. ಎರಡೂ ಬದಿ ಸಮ ಮಾಡೋಕೆ ಹೋದರೆ ಪದಗಳ ನಡುವೆ ಹಲ್ಲು ಬಿದ್ದ ಹಾಗೆ ದೊಡ್ಡ ದೊಡ್ಡ ಸಂದು ಬರುತ್ತೆ. ಈ ಎರಡು ಬದಲಾವಣೆ ಮಾಡಿ ಹತ್ತು ಪುಟ ಓದಿ ನೋಡಿ, ಕಣ್ಣಿಗೆ ಎಷ್ಟು ಹಗುರ ಅನಿಸುತ್ತೆ ಅಂತ ನಿಮಗೇ ಗೊತ್ತಾಗುತ್ತೆ.

ಇಷ್ಟೆಲ್ಲ ಮಾಡಿಯೂ ಒತ್ತಕ್ಷರ ಕಳಚಿಯೇ ಬರುತ್ತೆ ಅಂದರೆ ಬೇಜಾರಾಗಬೇಡಿ. ಯಾವ ಸಾಧನದಲ್ಲೂ ಕೈಕೊಡದ ಒಂದು ದಾರಿ ಇದೆ. ನಾನು ಅವ್ವನಿಗೆ ಮಾಡಿಕೊಟ್ಟದ್ದು ಇದೇ. ಪರದೆಯ ಅಳತೆಗೇ ಪಿಡಿಎಫ್ ಮಾಡೋದು. ಆರು ಇಂಚಿನ ಪರದೆ ಅಂದರೆ ಸುಮಾರು 9 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರ. ಲಿಬ್ರೆಆಫೀಸ್‌ನಲ್ಲಿ ಪುಟದ ಅಳತೆಯನ್ನು ಎ4ನಿಂದ ಇಷ್ಟಕ್ಕೆ ಇಳಿಸಿ, ಮಾರ್ಜಿನ್ 0.3 ಸೆಂಟಿಮೀಟರ್ ಇಡಿ, ಅಕ್ಷರ 14 ಪಾಯಿಂಟ್, ವಯಸ್ಸಾದವರಿಗೆ ಆದರೆ 22 ಅಥವಾ 24 ಮಾಡಿ, ಪಿಡಿಎಫ್ ಆಗಿ ಉಳಿಸಿ. ಪಿಡಿಎಫ್‌ನಲ್ಲಿ ಅಕ್ಷರದ ಆಕಾರ ಮೊದಲೇ ಗಟ್ಟಿಯಾಗಿರುತ್ತೆ, ಇ-ರೀಡರ್ ಏನೂ ಜೋಡಿಸಬೇಕಿಲ್ಲ. ಹಾಗಾಗಿ ಕಂಪ್ಯೂಟರ್‌ನಲ್ಲಿ ಹೇಗೆ ಕಂಡಿತೋ ಹಾಗೇ ಬರುತ್ತೆ. ತೊಂದರೆ ಅಂದರೆ ಆಮೇಲೆ ಫಾಂಟ್ ದೊಡ್ಡದು ಸಣ್ಣದು ಮಾಡೋಕೆ ಆಗಲ್ಲ, ಗುರುತು ಹಾಕಿದ ಸಾಲನ್ನು ಕಾಪಿ ಮಾಡಿದರೆ ಸಾಮಾನ್ಯವಾಗಿ ಅಕ್ಷರ ಕಲಸಿಹೋಗಿರುತ್ತೆ.

ಅವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಆದಮೇಲೂ ಸಣ್ಣ ಅಕ್ಷರ ಕಾಣಲ್ಲ. ಸಂಜೆ ಶರಣಬಸವೇಶ್ವರ ಗುಡಿಗೆ ಹೋಗಿಬಂದು ಎರಡು ವಚನ ಓದೋದು ಅವಳ ರೂಢಿ, ಅದು ತಪ್ಪಿಹೋಗಿತ್ತು. 24 ಪಾಯಿಂಟಿನಲ್ಲಿ, ಒಂದು ಪುಟಕ್ಕೆ ಒಂದೇ ವಚನ ಬರುವ ಹಾಗೆ, ವಚನ ಮುಗಿದ ಕೂಡಲೇ ಪುಟ ಮುರಿದು ಫೈಲ್ ಮಾಡಿದೆ. ಉದ್ದದ ವಚನಕ್ಕೆ ಎರಡು ಪುಟ. ಕೈಗೆ ಕೊಟ್ಟಾಗ ಮೊದಲು ಸಾಧನವನ್ನು ಮುಖದ ಹತ್ತಿರ ತಂದಳು, ಆಮೇಲೆ ಮೆಲ್ಲಗೆ ದೂರ ಒಯ್ದಳು, ತೊಡೆ ಮೇಲೆ ಇಟ್ಟುಕೊಂಡಳು. “ಈಗ ಛಂದ ಕಾಣ್ಲಕತ್ತದ ನೋಡು” ಅಂದಳು. ಪುಟ ತಿರುಗಿಸೋಕೆ ಬೆರಳಿಂದ ಒತ್ತಿ ಹಿಡಿಯುತ್ತಿದ್ದಳು, ಮೆನು ತೆರೆದುಕೊಳ್ಳುತ್ತಿತ್ತು. ಬಲಗಡೆ ಸುಮ್ನೆ ಒಮ್ಮೆ ಮುಟ್ಟಿದರೆ ಸಾಕು ಅಂತ ಎರಡು ದಿನ ಪಕ್ಕದಲ್ಲೇ ಕೂತು ತೋರಿಸಬೇಕಾಯಿತು. ಮನೆಯ ಹಿರಿಯರಿಗೆ ಕೊಡುವವರು ಈ ಎರಡು ದಿನವನ್ನು ಉಳಿಸೋಕೆ ಹೋಗಬೇಡಿ.

ಕನ್ನಡ ಪುಸ್ತಕ ಎಲ್ಲಿಂದ ತರೋದು ಅಂತ ಕೇಳುತ್ತೀರಿ ಅಲ್ವಾ? ಕನ್ನಡ ವಿಕಿಸೋರ್ಸ್‌ನಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳೂ ಲೇಖಕರೇ ಮುಕ್ತವಾಗಿ ಬಿಟ್ಟ ಪುಸ್ತಕಗಳೂ ಇವೆ, ಅಲ್ಲಿಂದಲೇ ಇಪಬ್ ಅನ್ನೋ ಇ-ಪುಸ್ತಕದ ಫೈಲ್ ಆಗಿ ಇಳಿಸಿಕೊಳ್ಳಬಹುದು. ವಚನ ಸಂಚಯ ಅನ್ನೋ ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳು ಯೂನಿಕೋಡ್‌ನಲ್ಲೇ ಇವೆ, ಪದ ಹಾಕಿ ಹುಡುಕಬಹುದು. ಅವ್ವನ ಫೈಲಿಗೆ ನಾನು ಒಂದೊಂದೇ ಆರಿಸಿದ್ದು ಅಲ್ಲಿಂದ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ರಾಶಿ ಇವೆ, ಅವುಗಳ ಕಥೆ ಬೇರೆ, ಮುಂದೆ ಹೇಳುತ್ತೇನೆ.

ಇನ್ನೊಂದು ದೊಡ್ಡ ತೊಡಕು ‘ನುಡಿ’, ‘ಬರಹ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಲ್ಲಿ ಮಾಡಿದ ಹಳೆ ಫೈಲ್‌ಗಳದ್ದು. ಗೆಳೆಯರು ತಮ್ಮ ಕಥೆ ಕಳಿಸುತ್ತಾರೆ, ಊರಿನ ಸ್ಮರಣ ಸಂಚಿಕೆ ಬರುತ್ತೆ, ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕಿ ಗೆರೆ ಇಟ್ಟ ಹಾಗೆ ಏನೇನೋ ಕಾಣುತ್ತೆ. ಫೈಲ್ ಕೆಟ್ಟಿಲ್ಲ. ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಅದನ್ನು ಯೂನಿಕೋಡ್‌ಗೆ ಬದಲಾಯಿಸಿದರೆ ಮಾತ್ರ ಇ-ರೀಡರ್‌ಗೆ ಅರ್ಥ ಆಗುತ್ತೆ. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ, ಆನ್‌ಲೈನ್‌ನಲ್ಲೂ ಪುಕ್ಕಟೆ ಸಿಗುತ್ತೆ. ‘ಆಸ್ಕಿಯಿಂದ ಯೂನಿಕೋಡ್’ ಅಂತ ಹುಡುಕಿ. ಬದಲಾದ ಮೇಲೆ ಅರ್ಕಾವೊತ್ತು, ಅಂಕಿಗಳು, ಉದ್ಧರಣ ಚಿಹ್ನೆ ಈ ಮೂರನ್ನು ಒಮ್ಮೆ ಕಣ್ಣಾಡಿಸಿ, ತಪ್ಪು ಆಗೋದು ಅಲ್ಲೇ.

ಫೈಲನ್ನು ಒಳಗೆ ಹಾಕೋಕೆ ಎರಡು ದಾರಿ. ‘ಸೆಂಡ್ ಟು ಕಿಂಡಲ್’ ಒಂದು. ಅಮೆಜಾನ್ ಖಾತೆಯಲ್ಲಿ ನಿಮ್ಮ ಕಿಂಡಲ್‌ಗೆ ಅದರದೇ ಒಂದು ಇಮೇಲ್ ವಿಳಾಸ ಇರುತ್ತೆ. ನೀವು ಯಾವ ಇಮೇಲ್‌ನಿಂದ ಕಳಿಸುತ್ತೀರೋ ಅದನ್ನು ಮೊದಲು ಅನುಮತಿ ಪಟ್ಟಿಗೆ ಸೇರಿಸಿ, ಇಲ್ಲದಿದ್ದರೆ ಫೈಲ್ ಬರೋದೇ ಇಲ್ಲ. ಇಮೇಲ್‌ನಲ್ಲಿ 50 ಎಂಬಿ, ಅದರ ಜಾಲತಾಣದ ಮೂಲಕ 200 ಎಂಬಿವರೆಗೆ ಹೋಗುತ್ತೆ. ಇಪಬ್, ಪಿಡಿಎಫ್, ವರ್ಡ್ ಮೂರೂ ಕಳಿಸಬಹುದು, ಹಳೆ ಮೊಬಿ ಫೈಲ್ ಈಗ ನಡೆಯಲ್ಲ. ಹೀಗೆ ಕಳಿಸಿದ್ದು ಖಾತೆಯಲ್ಲೂ ಉಳಿಯುತ್ತೆ, ಎಲ್ಲಿಗೆ ಓದಿ ನಿಲ್ಲಿಸಿದಿರಿ ಅನ್ನೋದು ಫೋನಿನ ಆ್ಯಪ್‌ನಲ್ಲೂ ಸಿಗುತ್ತೆ. ಎರಡನೇದು ಯುಎಸ್‌ಬಿ. ಇಲ್ಲಿ ಒಂದು ಎಚ್ಚರ, ಇಪಬ್ ಫೈಲನ್ನು ನೇರ ಕಾಪಿ ಮಾಡಿದರೆ ಕಿಂಡಲ್ ತೆರೆಯೋದಿಲ್ಲ. ಕ್ಯಾಲಿಬರ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡು ಕಿಂಡಲ್ ತೆರೆಯುವ ಎಜೆಡ್‌ಡಬ್ಲ್ಯೂ3 ಅನ್ನೋ ಬಗೆಗೆ ಬದಲಾಯಿಸಿ ಹಾಕಬೇಕು. ಹಾಗೆ ಬದಲಾಯಿಸುವಾಗಲೇ ಕನ್ನಡ ಫಾಂಟನ್ನು ಪುಸ್ತಕದೊಳಗೆ ಸೇರಿಸುವ ಆಯ್ಕೆಯೂ ಕ್ಯಾಲಿಬರ್‌ನಲ್ಲಿ ಇದೆ, ಮೇಲೆ ಹೇಳಿದ ಪರೀಕ್ಷೆಯಲ್ಲಿ ಚೌಕ ಬಂದವರು ಇದನ್ನೂ ಮಾಡಿ ನೋಡಿ. ಒಂದೇ ಸಲಕ್ಕೆ ಇನ್ನೂರು ಪುಸ್ತಕ ಸುರಿಯಬೇಡಿ. ಪ್ರತಿ ಪುಸ್ತಕದ ಪದಗಳನ್ನು ಅದು ಒಳಗೊಳಗೇ ಪಟ್ಟಿ ಮಾಡುತ್ತೆ, ಆ ಹೊತ್ತಿಗೆ ಬ್ಯಾಟರಿ ಇಳಿಯುತ್ತೆ, ಸಾಧನ ತೂಕಡಿಸುತ್ತೆ.

ಸ್ಕ್ಯಾನ್ ಪಿಡಿಎಫ್ ಅಂದರೆ ಪುಟದ ಫೋಟೋ. ಆರು ಇಂಚಿಗೆ ಅದು ಸಾಸಿವೆ ಕಾಳಷ್ಟು ಆಗುತ್ತೆ. ಸುಲಭದ ಉಪಾಯ ಅಂದರೆ ಮೆನುವಿನಲ್ಲಿ ಅಡ್ಡ ಮಾಡಿಕೊಳ್ಳೋದು, ಲ್ಯಾಂಡ್‌ಸ್ಕೇಪ್. ಆಗ ಅಗಲಕ್ಕೆ ಹಿಗ್ಗಿ ಪುಟ ಭಾಗ ಭಾಗವಾಗಿ ಬರುತ್ತೆ. ಅಲ್ಲೇ ಕಾಂಟ್ರಾಸ್ಟ್ ಅಂತ ಇರುತ್ತೆ, ಅದನ್ನು ಏರಿಸಿದರೆ ಮಾಸಿದ ಹಳೆ ಅಚ್ಚು ಕಪ್ಪಾಗುತ್ತೆ. ಇದಕ್ಕಿಂತ ಒಳ್ಳೆಯದು ಕೆ2ಪಿಡಿಎಫ್‌ಆಪ್ಟ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್. ಪುಟದ ಫೋಟೋದಲ್ಲಿ ಪದಗಳ ನಡುವಿನ ಖಾಲಿ ಜಾಗ ನೋಡಿಕೊಂಡು ಒಂದೊಂದು ಪದವನ್ನೂ ಚಿತ್ರದ ಹಾಗೆ ಕತ್ತರಿಸಿ, ಸಣ್ಣ ಪರದೆಗೆ ಹೊಸದಾಗಿ ಸಾಲು ಕಟ್ಟುತ್ತೆ. ಅದಕ್ಕೆ ಭಾಷೆ ಗೊತ್ತಿರಬೇಕಿಲ್ಲ, ಅಕ್ಷರ ಗುರುತಿಸಬೇಕಿಲ್ಲ, ಅದಕ್ಕೇ ಕನ್ನಡಕ್ಕೂ ನಡೆಯುತ್ತೆ. ಐವತ್ತು ಅರವತ್ತು ವರ್ಷದ ಹಿಂದಿನ ಅಚ್ಚು ರೈಲಿನ ಅಲುಗಾಟದಲ್ಲೂ ಓದೋಕೆ ಬಂದಾಗ ಆದ ಖುಷಿ ನನಗೆ ಇನ್ನೂ ನೆನಪಿದೆ. ಮೊದಲು ಹತ್ತು ಪುಟ ಮಾತ್ರ ಮಾಡಿ ನೋಡಿ, ಸರಿ ಬಂದರೆ ಇಡೀ ಪುಸ್ತಕ ಹಾಕಿ.

ಈಗ ಇಂಗ್ಲಿಷ್ ಓದುವ ನಮ್ಮ ಹುಡುಗ ಹುಡುಗಿಯರಿಗೆ. ಕಲಬುರಗಿಯಲ್ಲಿ ಪರೀಕ್ಷೆಗೆ ತಯಾರಿ ನಡೆಸೋರು ಎಷ್ಟು ಜನ ಅಂತ ನಿಮಗೆ ಗೊತ್ತೇ ಇದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಪುಸ್ತಕ ಹಿಡಿದರೆ ಪ್ರತಿ ಸಾಲಿಗೂ ನಿಲ್ಲಬೇಕಾಗುತ್ತೆ, ಮೂರು ಪುಟಕ್ಕೆ ಬೇಸರ ಬಂದು ಬಿಟ್ಟುಬಿಡುತ್ತಾರೆ. ಅವರಿಗೆ ಕಿಂಡಲ್‌ನಲ್ಲಿ ‘ವರ್ಡ್ ವೈಸ್’ ಇದೆ. ಇದನ್ನು ಹಾಕಿದರೆ ಕಷ್ಟದ ಪದದ ತಲೆ ಮೇಲೆ ಸಣ್ಣ ಅಕ್ಷರದಲ್ಲಿ ಸರಳ ಇಂಗ್ಲಿಷ್ ಅರ್ಥ ತಾನಾಗಿ ಬರುತ್ತೆ. ಎಷ್ಟು ಪದಕ್ಕೆ ಬರಬೇಕು ಅಂತ ಹೆಚ್ಚು ಕಡಿಮೆ ಮಾಡಬಹುದು. ಶುರುವಿಗೆ ಜಾಸ್ತಿ ಇಟ್ಟು, ತಿಂಗಳಿಗೊಮ್ಮೆ ಒಂದೊಂದು ಹಂತ ಇಳಿಸುತ್ತಾ ಹೋಗಿ. ಎಲ್ಲ ಪುಸ್ತಕಕ್ಕೂ ಈ ಅನುಕೂಲ ಇರಲ್ಲ, ಕೊಳ್ಳುವ ಪುಟದಲ್ಲಿ ಬರೆದಿರುತ್ತೆ, ನೋಡಿಕೊಂಡು ತಗೊಳ್ಳಿ.

ಪದದ ಮೇಲೆ ಬೆರಳು ಒತ್ತಿ ಹಿಡಿದರೆ ನಿಘಂಟು ತೆರೆಯುತ್ತೆ, ಇದು ಎಲ್ಲರಿಗೂ ಗೊತ್ತು. ಹಾಗೆ ನೋಡಿದ ಪ್ರತಿ ಪದವೂ ‘ವೊಕ್ಯಾಬ್ಯುಲರಿ ಬಿಲ್ಡರ್’ನಲ್ಲಿ, ಅದು ಬಂದ ವಾಕ್ಯದ ಸಮೇತ, ಜಮಾ ಆಗುತ್ತಾ ಇರುತ್ತೆ ಅನ್ನೋದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಫ್ಲ್ಯಾಶ್‌ಕಾರ್ಡ್ ಥರ ಒಂದೊಂದೇ ಪದ ತೋರಿಸಿ ಅರ್ಥ ನೆನಪಿದೆಯಾ ಅಂತ ನೋಡಿಕೊಳ್ಳಬಹುದು, ಬಂದದ್ದನ್ನು ‘ಕಲಿತೆ’ ಅಂತ ಗುರುತು ಮಾಡಿ ಪಟ್ಟಿಯಿಂದ ತೆಗೆಯಬಹುದು. ವಾಡಿಯಲ್ಲಿ ರೈಲು ನಿಂತಾಗ ಹತ್ತು ಪದ ನೋಡೋದು ನನ್ನ ಅಭ್ಯಾಸ. ಬೇರೆ ಯಾವ ಆ್ಯಪ್‌ನಿಂದಲೂ ನನ್ನ ಇಂಗ್ಲಿಷ್ ಇಷ್ಟು ಸುಧಾರಿಸಿಲ್ಲ, ಯಾಕಂದ್ರೆ ಇವು ನಾನೇ ಓದುವಾಗ ಎಡವಿದ ಪದಗಳು. ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥ ಬೇಕಾದಾಗ ಮಾತ್ರ ಫೋನ್ ತೆಗೆದು ‘ಅಲರ್’ ನಿಘಂಟು ನೋಡುತ್ತೇನೆ, ಅದು ಮುಕ್ತವಾಗಿದೆ, ಒಂದೂವರೆ ಲಕ್ಷದಷ್ಟು ಪದಗಳಿವೆ. ‘ಎಕ್ಸ್-ರೇ’ ಅಂತ ಇನ್ನೊಂದಿದೆ, ಪಾತ್ರ ಜಾಸ್ತಿ ಇರುವ ಕಾದಂಬರಿಯಲ್ಲಿ ಇವನು ಯಾರು ಅಂತ ಮರೆತರೆ ಹೆಸರು ಒತ್ತಿ ನೋಡಬಹುದು.

ನೋಟ್ಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಇಲ್ಲಿ ನಾನು ಕಳಕೊಂಡಿದ್ದೇನೆ. ಸಾಲಿನ ಮೇಲೆ ಬೆರಳು ಎಳೆದು ಗುರುತು ಹಾಕಿದ್ದೆಲ್ಲ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ‘ಮೈ ಕ್ಲಿಪ್ಪಿಂಗ್ಸ್’ ಅನ್ನೋ ಒಂದೇ ಒಂದು ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ ಸೇರುತ್ತಾ ಹೋಗುತ್ತೆ. ಪುಸ್ತಕದ ಹೆಸರು, ದಿನಾಂಕ, ಸಾಲು. ಒಂದು ಬೇಸಿಗೆಯಲ್ಲಿ ನನ್ನ ಸಾಧನ ಗಟ್ಟಿಯಾಗಿ ನಿಂತುಬಿಟ್ಟಿತು, ಯಾವ ಪುಟವೂ ತಿರುಗದು. ರಿಪೇರಿ ಅಂಗಡಿಯಲ್ಲಿ ರಿಸೆಟ್ ಮಾಡಿಬಿಡೋಣ ಅಂದರು, ನಾನು ಹೂಂ ಅಂದೆ. ಎರಡು ವರ್ಷದ ಗುರುತುಗಳು ಹೋದವು. ಅಮೆಜಾನ್‌ನಲ್ಲಿ ಕೊಂಡ ಪುಸ್ತಕದ ಗುರುತುಗಳು ಖಾತೆಯಲ್ಲಿ ಉಳಿದಿದ್ದವು, ಯುಎಸ್‌ಬಿಯಿಂದ ಹಾಕಿದ ಕನ್ನಡ ಪುಸ್ತಕಗಳದ್ದು ಒಂದೂ ಇಲ್ಲ. ಪವರ್ ಬಟನ್ನನ್ನು 40 ಸೆಕೆಂಡ್ ಒತ್ತಿ ಹಿಡಿದರೆ ಸಾಧನ ತಾನೇ ಮತ್ತೆ ಶುರು ಆಗುತ್ತೆ, ಏನೂ ಅಳಿಸಿ ಹೋಗಲ್ಲ ಅಂತ ನನಗೆ ಗೊತ್ತಾದದ್ದು ಆಮೇಲೆ. ಹಾಗಾಗಿ ನಿಂತುಹೋದರೆ ಮೊದಲು 40 ಸೆಕೆಂಡ್ ಎಣಿಸಿ. ತಿಂಗಳಿಗೊಮ್ಮೆ ಆ ಫೈಲನ್ನು ಕಂಪ್ಯೂಟರ್‌ಗೆ ಕಾಪಿ ಮಾಡಿ, ಹೆಸರಿನ ಮುಂದೆ ತಿಂಗಳು ಬರೆದಿಡಿ. ಒಂದು ನಿಮಿಷದ ಕೆಲಸ.

ಬೇರೆ ಸಾಧನದವರಿಗೆ. ಕೋಬೊ, ಪಾಕೆಟ್‌ಬುಕ್ ಇದ್ದವರು ಕೋರೀಡರ್ ಅನ್ನೋ ಮುಕ್ತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಕನ್ನಡ ಫಾಂಟ್ ಕೊಟ್ಟರೆ ಒತ್ತಕ್ಷರ ಚೆನ್ನಾಗಿ ಜೋಡಿಸುತ್ತೆ, ಸ್ಕ್ಯಾನ್ ಪುಟವನ್ನು ಮರುಜೋಡಿಸುವ ಅನುಕೂಲವೂ ಅದರೊಳಗೇ ಇದೆ. ಆಂಡ್ರಾಯ್ಡ್ ಇರುವ ಬೂಕ್ಸ್ ಥರದ ಇ-ರೀಡರ್ ಆದರೆ ಇನ್ನೂ ಸುಲಭ, ಮೈಲ್ಯಾಂಗ್‌ನಂಥ ಕನ್ನಡ ಇ-ಪುಸ್ತಕದ ಆ್ಯಪ್‌ಗಳನ್ನೇ ನೇರ ಹಾಕಿಕೊಂಡು ದುಡ್ಡು ಕೊಟ್ಟು ಹೊಸ ಪುಸ್ತಕ ಓದಬಹುದು. ಕನ್ನಡದ ಹೊಸ ಲೇಖಕರನ್ನು ಜಾಸ್ತಿ ಓದುವವರು ಸಾಧನ ಕೊಳ್ಳುವ ಮೊದಲೇ ಈ ಮಾತನ್ನು ಯೋಚಿಸಿ.

ಕೊನೆಗೆ ಬ್ಯಾಟರಿ ಮತ್ತು ಬಿಸಿಲು. ಪುಟ ನಿಂತಲ್ಲೇ ನಿಂತರೆ ಇ-ಇಂಕ್ ಪರದೆಗೆ ಕರೆಂಟ್ ಬೇಕಿಲ್ಲ, ಪುಟ ಬದಲಾಗುವಾಗ ಮಾತ್ರ ಬೇಕು. ಚಾರ್ಜ್ ತಿನ್ನೋದು ವೈಫೈ ಮತ್ತು ಒಳಗಿನ ದೀಪ. ಓದುವಾಗ ಏರೋಪ್ಲೇನ್ ಮೋಡ್ ಹಾಕಿ, ಹಗಲು ದೀಪವನ್ನು ಸೊನ್ನೆಗೆ ಇಳಿಸಿ. ರಾತ್ರಿ ಕರೆಂಟ್ ಹೋದಾಗ ದೀಪವನ್ನು ಅರ್ಧಕ್ಕಿಂತ ಕಡಿಮೆ ಇಟ್ಟರೂ ಸಾಕಾಗುತ್ತೆ, 2021ರಲ್ಲಿ ಬಂದ ಅಥವಾ ಆಮೇಲಿನ ಪೇಪರ್‌ವೈಟ್ ಅನ್ನೋ ಕಿಂಡಲ್ ಮಾಡೆಲ್ ಆದರೆ ಬೆಳಕನ್ನು ಹಳದಿ ಬಣ್ಣಕ್ಕೂ ತಿರುಗಿಸಬಹುದು. ಇನ್ನು ಬಿಸಿಲು. ಬಿಸಿಲಲ್ಲಿ ಓದಬಹುದು ಅಂದೆ, ಬಿಸಿಲಲ್ಲಿ ಇಡಬಹುದು ಅಂತಲ್ಲ. ಕಿಂಡಲ್ ಬಳಸೋಕೆ 35 ಡಿಗ್ರಿ ಸೆಲ್ಸಿಯಸ್‌ವರೆಗೆ ಅಂತ ತಯಾರಕರೇ ಹೇಳುತ್ತಾರೆ, ನಮ್ಮಲ್ಲಿ ಮೇ ತಿಂಗಳಲ್ಲಿ 42 ದಾಟುತ್ತೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಬೈಕಿನ ಟ್ಯಾಂಕ್ ಬ್ಯಾಗಿನಲ್ಲಿ, ತಗಡಿನ ಶೀಟಿನ ಕೆಳಗೆ ಕಿಟಕಿಯಲ್ಲಿ ಬಿಟ್ಟು ಹೋಗಬೇಡಿ. ಮಧ್ಯಾಹ್ನ ಚಾರ್ಜ್‌ಗೆ ಹಾಕಬೇಡಿ, ರಾತ್ರಿ ತಂಪಾದ ಮೇಲೆ ಹಾಕಿ. ನಾನು ಬುತ್ತಿಚೀಲದಲ್ಲಿ ರೊಟ್ಟಿ ಸುತ್ತಿದ ಬಟ್ಟೆಗೂ ನೀರಿನ ಬಾಟಲಿಗೂ ತಾಗದ ಹಾಗೆ, ದಪ್ಪ ಹತ್ತಿ ಬಟ್ಟೆಯ ಚೀಲ ಹೊಲಿಸಿ ಅದರಲ್ಲಿ ಇಡುತ್ತೇನೆ. ಯಾದಗಿರಿಯಲ್ಲಿ ಇಳಿದು ನಡೆಯುವಾಗ ಆ ಚೀಲ ಬೆನ್ನಿನ ಕಡೆ ಇರುತ್ತೆ, ಬಿಸಿಲಿನ ಕಡೆ ಅಲ್ಲ.